ಎಣ್ಣೆ ಹಾಕಿ ತರಬೇಡಿ

ಮೇಸ್ತ್ರಿಯ ಅಂಗಡಿಗೆ ಹೆಸರಿನ ಫಲಕವೇ ಇರಲಿಲ್ಲ. ಹೊಲಿಗೆ ಮಿಷಿನ್ ಕೆಟ್ಟವರಿಗೆ ಆ ಬೀದಿಯೂ ಆ ಬಾಗಿಲೂ ಹೇಗೋ ಗೊತ್ತಿರುತ್ತಿದ್ದವು. ಬಾಗಿಲ ಮೇಲೆ ಒಂದು ತಗಡು, ಅದರ ಮೇಲೆ ಮೇಸ್ತ್ರಿಯೇ ಬಣ್ಣದಲ್ಲಿ ಬರೆದ ಎರಡು ಸಾಲು: 'ಎಣ್ಣೆ ಹಾಕಿ ತರಬೇಡಿ. ಸದ್ದು ಇದ್ದ ಹಾಗೇ ತನ್ನಿ.' ಸಂಜೆ ತೂರಾಡಿಕೊಂಡು ಹೋಗುವವರು ಅದನ್ನು ಓದಿ, "ನಾವು ಹಾಕ್ಕೊಂಡೇ ಬಂದಿದೀವಲ್ಲ ಮೇಸ್ತ್ರಿ, ಏನ್ಮಾಡೋಣ?" ಎಂದು ಹಲ್ಲು ಕಿರಿಯುತ್ತಿದ್ದರು. ಮೇಸ್ತ್ರಿ ನಗುತ್ತಿರಲಿಲ್ಲ. ಕಿರುಗುಟ್ಟುವ ಮಿಷಿನ್‌ಗೆ ಎಣ್ಣೆ ಸುರಿದರೆ ಸದ್ದು ಅಡಗುತ್ತದೆ, ದೋಷ ಅಡಗುವುದಿಲ್ಲ. ಸದ್ದು ಎಲ್ಲಿಂದ ಬರುತ್ತದೆ ಎಂದು ಕೇಳಿಸಿಕೊಂಡರೆ ತಾನೇ ಎಲ್ಲಿ ಬಿಚ್ಚಬೇಕು ಎಂದು ಗೊತ್ತಾಗುವುದು? ಮಗನಿಗೆ ಮೀಸೆ ಮೂಡುವ ಮೊದಲೇ ಈ ಪಾಠವನ್ನು ಕಿವಿ ಹಿಂಡಿ ಹಿಂಡಿ ಕಲಿಸಿದ್ದರು. ಮಗ ಬೇರೆ ಏನು ಕಲಿತನೋ ಬಿಟ್ಟನೋ, ಇದನ್ನು ಮಾತ್ರ ಎದೆಯಲ್ಲಿ ಕೊರೆದಿಟ್ಟುಕೊಂಡ.

ಸೊಸೆ ಆ ಮನೆಗೆ ಬಂದದ್ದೂ ಈ ತಗಡಿನ ದೆಸೆಯಿಂದಲೇ. ಆಗ ಅವಳು ತವರಿನಲ್ಲಿ ಕೂತು ಶಾಲೆ ಮಕ್ಕಳ ಅಂಗಿ ಹೊಲಿಯುತ್ತಿದ್ದಳು. ಒಂದು ದಿನ ಕೆಟ್ಟ ಮಿಷಿನ್ ಹೊತ್ತು ತಂದು ಮೇಸ್ತ್ರಿಯ ಮುಂದೆ ಇಳಿಸಿದರೆ, ಅದರಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು.

"ಓದೋಕೆ ಬರಲ್ವಾ? ಏನಿದು, ಮಿಷಿನ್ ತಂದಿದೀಯೋ, ಎಣ್ಣೆಬುಡ್ಡಿ ತಂದಿದೀಯೋ?"

"ಓದೋಕೆ ಬರುತ್ತೆ. ದಿನವೆಲ್ಲ ಅದರ ಕಿರುಚಾಟ ಕೇಳ್ಕೊಂಡು ಕೂರೋಳು ನಾನು, ನೀವಲ್ಲ. ತಡೆಯೋಕಾಗ್ಲಿಲ್ಲ, ಹಾಕಿದೆ. ರಿಪೇರಿ ಮಾಡೋಕೆ ಬಂದ್ರೆ ಮಾಡಿ, ಇಲ್ಲಾಂದ್ರೆ ಕೊಡಿ ಇತ್ಲಾಗೆ."

ಮೇಸ್ತ್ರಿಗೆ ಹಾಗೆ ಎದುರು ಮಾತಾಡಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ವರ್ಷ ತಿರುಗುವುದರೊಳಗೆ ಅವಳನ್ನೇ ಸೊಸೆಯಾಗಿ ಕೇಳಿಕೊಂಡು ಹೋದರು. ಹೆಸರು ಮಾತ್ರ ಅದೇ ನಿಂತಿತು. "ಏ ಎಣ್ಣೆಬುಡ್ಡಿ, ಚಹಾ ತಾ." "ಎಣ್ಣೆಬುಡ್ಡಿ, ನನ್ನ ಕನ್ನಡಕ ಎಲ್ಲೇ?" ಬೇರೆ ಯಾರಾದರೂ ಹಾಗೆ ಕರೆದಿದ್ದರೆ ಅವಳು ಕೆನ್ನೆಗೆ ಬಿಟ್ಟಿರುತ್ತಿದ್ದಳು.

ಈಗ ಆ ಮೇಸ್ತ್ರಿ ಮುಂದಿನ ಕೋಣೆಯ ಕಿಟಕಿ ಪಕ್ಕದ ಮಂಚ ಹಿಡಿದಿದ್ದರು. ಹೊಟ್ಟೆಯೊಳಗಿನ ಗಡ್ಡೆಯನ್ನು ಒಮ್ಮೆ ಕೊಯ್ದು ತೆಗೆದಾಗಿತ್ತು. ಅದು ಮತ್ತೆ ಬಂದಿತ್ತು, ಈ ಸಲ ಬೆನ್ನಿನವರೆಗೂ ಬೇರು ಬಿಟ್ಟಿತ್ತು. ಕೀಮೋ ಔಷಧಿಯ ಡ್ರಿಪ್ ಹಾಕಿ ಹಾಕಿ ಕೂದಲು ಹೋಯಿತು, ನಾಲಿಗೆಯ ರುಚಿ ಹೋಯಿತು, ಗಡ್ಡೆ ಹೋಗಲಿಲ್ಲ. ಕಡೆಗೆ ಆಸ್ಪತ್ರೆಯವರು, "ಇನ್ನು ಈ ಔಷಧಿ ನಾಟಲ್ಲ. ಮನೇಲೇ ಇರಲಿ, ನೋವು ನೋಡ್ಕೊಳ್ಳೋ ಪಾಲಿಯೇಟಿವ್ ಕೇರ್‌ನ ನರ್ಸ್ ವಾರ ವಾರ ಬಂದು ನೋಡ್ತಾರೆ" ಎಂದು ಕಳಿಸಿದರು.

"ಅಂದ್ರೆ ಕೈಬಿಟ್ರು ಅಂತ ಅರ್ಥ," ಅಂದ ಸೊಸೆಯ ಗಂಡ. ಅಂದಿನಿಂದ ಮುಖ ಸಿಂಡರಿಸಿಕೊಂಡೇ ಅಂಗಡಿಗೆ ಹೋಗಿಬರುತ್ತಿದ್ದ.

ನರ್ಸ್ ಸ್ಕೂಟರಿನಲ್ಲಿ ಬಂದಳು. ದಪ್ಪ ಕೈಚೀಲ, ದೊಡ್ಡ ಗಂಟಲು. ಮಂಚದ ಅಂಚಿನಲ್ಲಿ ಕೂತು ಮೇಸ್ತ್ರಿಯ ಹೊಟ್ಟೆ ಮುಟ್ಟಿದಳು, ಬೆನ್ನು ಮುಟ್ಟಿದಳು, ನಾಲಿಗೆ ನೋಡಿದಳು. ಆಮೇಲೆ, "ಮನೆಯವರು ಹೇಳೋದೆಲ್ಲ ಕೇಳಿದ್ದಾಯ್ತು. ನಿಮಗೇನು ಬೇಕು ಮೇಸ್ತ್ರಿಗಳೇ?" ಎಂದು ಕೇಳಿದಳು.

ಮೇಸ್ತ್ರಿ ಅತ್ತಿತ್ತ ನೋಡಿದರು. ಕಾಯಿಲೆ ಬಿದ್ದ ಮೇಲೆ ಅವರನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ.

"ನನ್ನನ್ನ ಮತ್ತೆ ಕೊಯ್ಯಬಾರ್ದು. ಮೂಗಿಗೆ, ಗಂಟಲಿಗೆ ನಳಿಗೆ ತುರುಕಬಾರ್ದು. ಈ ಮಂಚ, ಈ ಕಿಟಕಿ, ಇವಳ ಮಿಷಿನ್ ಸದ್ದು, ಇಷ್ಟು ಸಾಕು. ಈ ನೋವೊಂದು ತಡೆದುಬಿಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ."

"ಮಿಕ್ಕಿದ್ದು ಅಂದ್ರೆ?"

"ಸಾಯೋದು. ಅದಕ್ಕೆ ಯಾರ ಸಹಾಯನೂ ಬೇಡ, ನನಗೇ ಬರುತ್ತೆ."

ನರ್ಸ್ ಗೊಳ್ಳೆಂದು ನಕ್ಕಳು. ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅಡುಗೆಮನೆಗೆ ನಡೆದರು. ಮಗ ಮಾತ್ರ ಬಾಗಿಲಿಗೆ ಒರಗಿ ನಿಂತು, "ಅಪ್ಪ ಸುಸ್ತಲ್ಲಿ ಏನೇನೋ ಮಾತಾಡ್ತಾರೆ ಸಿಸ್ಟರ್. ಅದನ್ನೆಲ್ಲ ಲೆಕ್ಕಕ್ಕೆ ತಗೋಬೇಡಿ" ಅಂದ.

"ಸುಸ್ತಾಗಿರೋದು ಹೊಟ್ಟೆಗೆ ಕಣೋ, ತಲೆಗಲ್ಲ."

ನರ್ಸ್ ಮಾರ್ಫಿನ್ ಮಾತ್ರೆ ಕೊಟ್ಟಳು. ನೋವು ಬರಲಿ ಎಂದು ಕಾಯದೆ ಹೊತ್ತು ಹೊತ್ತಿಗೆ ಸರಿಯಾಗಿ ಕೊಡಬೇಕು, ಒಂದು ಸಲವೂ ತಪ್ಪಿಸಬಾರದು, ಮಲ ಕಟ್ಟದ ಹಾಗೆ ಈ ಇನ್ನೊಂದು ಮದ್ದು ಕೊಡಬೇಕು ಎಂದು ಸೊಸೆಗೆ ಬಿಡಿಸಿ ಹೇಳಿದಳು. "ಇದು ಬೇಗ ಸಾಯಲಿ ಅಂತ ಕೊಡೋ ಮದ್ದಾ?" ಎಂದು ಅತ್ತೆ ಅಡುಗೆಮನೆಯಿಂದಲೇ ಕೇಳಿದರು. "ಅಲ್ಲಮ್ಮ. ಇರೋವಷ್ಟು ದಿನ ನರಳದೆ ಇರಲಿ ಅಂತ ಕೊಡೋದು" ಅಂದಳು ನರ್ಸ್.

ಎರಡು ದಿನ ಕಳೆದಿರಲಿಲ್ಲ, ಮೇಸ್ತ್ರಿ ದಿಂಬಿಗೆ ಒರಗಿ ಕೂತು ಗಂಜಿ ಕುಡಿದರು, ಅರ್ಧ ಮೊಟ್ಟೆ ತಿಂದರು. ಅದೇ ಕೋಣೆಯ ಮೂಲೆಯಲ್ಲಿ ಸೊಸೆಯ ಮಿಷಿನ್ ಇತ್ತು. ಅವಳು ಕಾಲರ್ ಹೊಲಿಯುತ್ತಿದ್ದಾಗ ಹಿಂದಿನಿಂದ ದನಿ ಬಂತು:

"ಏ ಎಣ್ಣೆಬುಡ್ಡಿ, ನಿನ್ನ ಸೂಜಿ ಸೊಟ್ಟ ಆಗಿದೆ. ಟಕ್ ಟಕ್ ಅಂತಿದೆ, ಕೇಳಿಸ್ತಿಲ್ವಾ? ಕಿವೀಲಿ ಹತ್ತಿ ಇಟ್ಕೊಂಡಿದೀಯಾ?"

ಸೂಜಿ ತೆಗೆದು ನೋಡಿದರೆ ನಿಜಕ್ಕೂ ಕೂದಲೆಳೆಯಷ್ಟು ಬಾಗಿತ್ತು. ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಆ ವಾರವಿಡೀ ಬೈಗುಳ ತಪ್ಪಲಿಲ್ಲ. ಬಾಬಿನ್ ಸಡಿಲ, ಬೆಲ್ಟ್ ಜಾರುತ್ತಿದೆ, ಚಕ್ರ ಒದರುತ್ತಿದೆ. ಮಾವ ಬೈಯುತ್ತಿದ್ದಾರೆ ಎಂದರೆ ನೋವಿಲ್ಲ ಎಂದು ಅವಳು ಲೆಕ್ಕ ಹಾಕಿಕೊಂಡಳು.

ಇದೆಲ್ಲ ನೋಡಿ ಗಂಡ ಸಮಾಧಾನ ಪಡಬೇಕಿತ್ತು ತಾನೇ? ಇಲ್ಲ. ಅಪ್ಪ ಎದ್ದು ಕೂತದ್ದೇ ತಡ, ಅವನ ತಲೆಗೆ ಬೇರೆ ಹುಳ ಹೊಕ್ಕಿತು. ಇಷ್ಟು ಗಟ್ಟಿ ಇರುವವರನ್ನು ಹೇಗೆ ಕೈಬಿಡುವುದು? ಉರಿಯುವ ಬೆಂಕಿಗೆ ತುಪ್ಪ ಸುರಿಯಲು ನಾದಿನಿ ಇದ್ದೇ ಇದ್ದಳು. ಮೇಸ್ತ್ರಿಯ ಮಗಳು, ದೂರದ ಊರಲ್ಲಿ ಶಾಲೆ ಟೀಚರು. ಊಟದ ಹೊತ್ತಿಗೆ ಸರಿಯಾಗಿ ಅವಳ ಫೋನು ಬರುತ್ತಿತ್ತು. ಗಂಡ ಅದನ್ನು ಬಟ್ಟಲಿನ ಪಕ್ಕ ಇಟ್ಟು ಎಲ್ಲರಿಗೂ ಕೇಳಿಸುವ ಹಾಗೆ ಮಾಡುತ್ತಿದ್ದ.

"ನೀವೆಲ್ಲ ಸೇರಿ ಅಪ್ಪನ್ನ ಮಲಗಿಸಿಬಿಟ್ಟಿದೀರಿ. ಇಲ್ಲೊಬ್ಬರು ದೊಡ್ಡ ಡಾಕ್ಟರು ಇದಾರೆ. ಎಲ್ರೂ ಆಗಲ್ಲ ಅಂದಿದ್ದನ್ನ ಮಾಡಿ ತೋರಿಸ್ತಾರಂತೆ. ವಾರಕ್ಕೊಮ್ಮೆ ನಿಮ್ಮೂರಿನ ಆಸ್ಪತ್ರೆಗೂ ಬರ್ತಾರೆ. ಹೇಳಿಟ್ಟಿದೀನಿ, ತೋರಿಸಿ."

"ಅವರು ಬೇಡ ಅಂದಿದಾರಲ್ಲ," ಅಂದಳು ಸೊಸೆ, ಅನ್ನ ಬಡಿಸುತ್ತ.

"ನಿನಗೇನಮ್ಮ, ನಿನ್ನಪ್ಪ ಅಲ್ಲವಲ್ಲ."

ಸೊಸೆಯ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಡಿಯಿತು. "ಹೌದಮ್ಮ, ನನ್ನಪ್ಪ ಅಲ್ಲ. ಮಲ ಮೂತ್ರ ಬಾಚೋಳು ಮಾತ್ರ ನಾನು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಹತ್ತಿರ ಬಂದು ನೋಡಿದ್ರೆ ಗೊತ್ತಾಗುತ್ತೆ."

"ಏ, ಸಾಕು ಸುಮ್ನಿರೇ!" ಎಂದು ಗಂಡ ಗದರಿದ. "ತೋರಿಸಿದ್ರೆ ಏನು ಗಂಟು ಹೋಗುತ್ತೆ?"

"ರೀ, ನಿಮ್ಮಪ್ಪನ್ನೇ ಕೇಳಿ. ಮುಂದಿನ ಕೋಣೇಲೇ ಇದಾರೆ, ಇನ್ನೂ ಇದಾರೆ."

ಮೇಸ್ತ್ರಿ ಕೇಳಿಸಿಕೊಂಡಿದ್ದರು. "ತೋರಿಸೋದಾದ್ರೆ ತೋರಿಸ್ಲಿ ಬಿಡೇ. ಒಂದ್ಸಲ ಹೋಗಿ ಬರೋಣ, ಇವನ ಚಟ ತೀರ್ಲಿ. ನಾನು ಹೇಳೋದನ್ನ ಅಲ್ಲೂ ಹೇಳ್ತೀನಿ" ಅಂದರು. ಅಷ್ಟಕ್ಕೇ ಗಂಡನ ಮುಖ ಅರಳಿತು.

ಡಾಕ್ಟರಿಗೆ ತೋರಿಸುವ ಹಿಂದಿನ ದಿನ ಗಂಡ ಅಂಗಡಿ ತೆರೆಯಲಿಲ್ಲ. ಬೆಳಿಗ್ಗೆ ಚಹಾ ಕುಡಿದವನೇ, "ಮಾತ್ರೆ ಎಲ್ಲಿಟ್ಟಿದೀಯಾ? ಇವತ್ತು ನಾನೇ ಕೊಡ್ತೀನಿ. ನಿನಗೆ ಹೊಲಿಗೆ ರಾಶಿ ಬಿದ್ದಿದೆ" ಅಂದ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಅಯ್ಯೋ, ಆಮೇಲೆ ಅದನ್ನು ನೆನೆದು ಹಣೆ ಚಚ್ಚಿಕೊಂಡಳು. ಕೊನೆಗೂ ಅಪ್ಪನ ಕೆಲಸಕ್ಕೆ ಕೈ ಹಚ್ಚಿದನಲ್ಲ ಎಂದು ಅವತ್ತು ಅವನಿಗೆ ಎರಡು ಮೊಟ್ಟೆ ಹೆಚ್ಚಿಗೆ ಬೇಯಿಸಿ ಹಾಕಿದ್ದಳು!

ಮಧ್ಯಾಹ್ನದ ಹೊತ್ತಿಗೆ ಮೇಸ್ತ್ರಿಯ ಬೈಗುಳ ನಿಂತಿತು. ಅವಳು ಬೇಕೆಂದೇ ಬಾಬಿನ್ ಸಡಿಲ ಬಿಟ್ಟು ಹೊಲಿದಳು. ಹಿಂದಿನಿಂದ ಮಾತಿಲ್ಲ. ತಿರುಗಿ ನೋಡಿದರೆ ಗೋಡೆ ಕಡೆ ಮುಖ ಮಾಡಿ, ಮೊಣಕಾಲು ಎದೆಗೆ ಒತ್ತಿಕೊಂಡಿದ್ದರು.

"ನಿಲ್ಲಿಸೇ ಅದನ್ನ. ತಲೆಗೆ ಹೊಡೆದ ಹಾಗಾಗ್ತಿದೆ."

ಅವಳು ದಡಬಡ ಎದ್ದು ಅಡುಗೆಮನೆಗೆ ಹೋದಳು. "ರೀ, ಮಾತ್ರೆ ಕೊಟ್ರಾ?"

"ಕೊಡೋದನ್ನ ಕೊಟ್ಟಿದೀನಿ."

"ಆದ್ರೂ ನರಳ್ತಿದಾರೆ. ನರ್ಸ್‌ಗೆ ಫೋನ್ ಮಾಡ್ತೀನಿ."

"ನಾಳೆ ದೊಡ್ಡ ಡಾಕ್ಟರೇ ನೋಡ್ತಾರಲ್ಲ. ಪದೇ ಪದೇ ಅವಳಿಗ್ಯಾಕೆ ಫೋನು?"

ಅತ್ತೆ ತರಕಾರಿ ಹೆಚ್ಚುತ್ತಿದ್ದವರು ತಲೆ ಎತ್ತಲಿಲ್ಲ. ಅವಳು ನರ್ಸ್‌ಗೆ ಫೋನ್ ಮಾಡಿಯೇ ಮಾಡಿದಳು. ಮಧ್ಯೆ ಇನ್ನೊಂದು ಮಾತ್ರೆ ಕೊಡಬಹುದು, ಕೊಡಿ, ಎಂದು ನರ್ಸ್ ಹೇಳಿದಳು. "ಕೊಡ್ತೀನಿ, ಕೊಡ್ತೀನಿ" ಎಂದು ಗಂಡ ನೀರಿನ ಲೋಟ ಹಿಡಿದು ಕೋಣೆಗೆ ಹೋದ. ಅವಳು ನಂಬಿದಳು. ಕಾಯಿಲೆಯೇ ಜೋರಾಗಿದೆ ಎಂದುಕೊಂಡಳು. ಮಿಷಿನ್ ಮೇಲೆ ಬಟ್ಟೆ ಹೊದಿಸಿ, ಮಾವನ ಬೆನ್ನು ನೀವುತ್ತ ಕೂತಳು.

ಮರುದಿನ ಆಸ್ಪತ್ರೆಯ ದಾರಿ ಸಾಗಲೇ ಇಲ್ಲ. ಬಾಡಿಗೆ ಕಾರು ಒಂದೊಂದು ಗುಂಡಿಗೆ ಇಳಿದು ಎದ್ದಾಗಲೂ ಮೇಸ್ತ್ರಿಯ ಉಗುರು ಅವಳ ಮಣಿಕಟ್ಟಿಗೆ ನಾಟುತ್ತಿತ್ತು. ಬಾಯಲ್ಲಿ ಟವೆಲ್ ಕಚ್ಚಿಕೊಂಡಿದ್ದರು. ಅಂಗಡಿಯಲ್ಲಿ ಬೆರಳಿಗೆ ಸೂಜಿ ಹೊಕ್ಕಾಗಲೂ 'ಥತ್' ಎಂದು ಎಳೆದು ಬಿಸಾಡಿ ಕೆಲಸ ಮುಂದುವರಿಸಿದ ಮನುಷ್ಯ, ಈಗ ಎಳೆಮಗುವಿನ ಹಾಗೆ ಮುಲುಗುತ್ತಿದ್ದರು. ಮುಂದಿನ ಸೀಟಿನಲ್ಲಿ ಗಂಡ ನೆಟ್ಟಗೆ ಕೂತಿದ್ದ. ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ.

ದೊಡ್ಡ ಡಾಕ್ಟರು ಸ್ಕ್ಯಾನಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಗಾಲಿಕುರ್ಚಿಯಲ್ಲಿ ಮುದುಡಿದ್ದ ಮೇಸ್ತ್ರಿಯನ್ನು ನೋಡಿದರು.

"ಇವರಿಗೆ ನೋವಿಗೆ ಏನೂ ಕೊಡ್ತಿಲ್ವಾ?"

"ಮಾರ್ಫಿನ್ ಕೊಡ್ತಿದ್ವಿ ಸಾರ್. ನಿನ್ನೆ ಬೆಳಿಗ್ಗೆಯಿಂದ ನಾನೇ ನಿಲ್ಲಿಸಿದೀನಿ," ಅಂದ ಗಂಡ. ತಲೆ ತಗ್ಗಿಸಿ ಹೇಳಿದನೇ? ಇಲ್ಲ. ಕಸುಬು ಬಲ್ಲವನ ಹಾಗೆ ಎದೆ ಮುಂದೆ ಮಾಡಿ ಹೇಳಿದ. "ಮದ್ದು ಹಾಕಿ ಸದ್ದಡಗಿಸಿ ಕರ್ಕೊಂಡು ಬಂದ್ರೆ, ಎಲ್ಲಿ ಏನಾಗಿದೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ? ಅದಕ್ಕೇ ಇದ್ದ ಹಾಗೇ ತಂದಿದೀನಿ. ಸರಿಯಾಗಿ ನೋಡಿ ಸಾರ್."

ಡಾಕ್ಟರು ಪೆನ್ನು ಕೆಳಗಿಟ್ಟರು. ಹೊರಗಿದ್ದ ಆಸ್ಪತ್ರೆಯ ನರ್ಸನ್ನು ಕೂಗಿ ಇಂಜೆಕ್ಷನ್ ತರಿಸಿದರು. ಅದು ಮೇಸ್ತ್ರಿಯ ತೋಳಿಗೆ ಹೋದ ಮೇಲೆ, "ನನಗೆ ಗೊತ್ತಾಗಬೇಕಾದ್ದೆಲ್ಲ ಈ ಚಿತ್ರದಲ್ಲಿದೆ. ಅದಕ್ಕೋಸ್ಕರ ಇವರು ಇಷ್ಟು ಒದ್ದಾಡಬೇಕಾಗಿರಲಿಲ್ಲ" ಅಂದರು.

ಸೊಸೆ ಎದ್ದು ನಿಂತಿದ್ದಳು. ಮದುವೆಯಾದಂದಿನಿಂದ ಅವಳು ಗಂಡನನ್ನು 'ರೀ' ಎಂದೇ ಕರೆದವಳು.

"ನೀನು ಮನುಷ್ಯನಾ?" ಅಂದಳು. "ಲೋಟ ಹಿಡ್ಕೊಂಡು ಹೋಗಿ ಬರೀ ಆ ಮಲ ಕಟ್ಟದ ಮದ್ದು ನುಂಗಿಸಿ ಬಂದ್ಯಾ? ಅವರು ಗೋಡೆಗೆ ತಲೆ ಚಚ್ಕೋತಿದ್ರು, ನೀನು ಅಡುಗೆಮನೇಲಿ ಕೂತು ಮೊಟ್ಟೆ ತಿಂದ್ಯಲ್ಲೋ! ನಿನ್ನ ಹೊಟ್ಟೆಗೆ ಬೆಂಕಿ ಬೀಳ!"

"ನಾನೇನು ಬೇಕು ಅಂತ... ಅಪ್ಪನೇ ಕಲಿಸಿದ್ದು..."

"ಎಣ್ಣೆಬುಡ್ಡಿ, ಸುಮ್ನಿರು." ಮೇಸ್ತ್ರಿ ಬಾಯಿಂದ ಟವೆಲ್ ತೆಗೆದರು. "ಲೋ, ಇಲ್ಲಿ ಬಾ. ಬಗ್ಗು."

ಮಗ ಬಗ್ಗಿದ. ಮೇಸ್ತ್ರಿ ಕೈ ಚಾಚಿ ಅವನ ಕಿವಿ ಹಿಡಿದರು. ಹಿಂಡುವ ಶಕ್ತಿ ಇರಲಿಲ್ಲ, ಸುಮ್ಮನೆ ಹಿಡಿದುಕೊಂಡರು ಅಷ್ಟೆ.

"ಎಣ್ಣೆ ಹಾಕಬೇಡಿ ಅಂದಿದ್ದು ರಿಪೇರಿಗೆ ಬರೋ ಮಿಷಿನ್‌ಗೆ. ನಾನು ರಿಪೇರಿಗೆ ಬಂದಿಲ್ಲ ಕಣೋ."

ಮಗ ಹಾಗೆಯೇ ಬಗ್ಗಿ ನಿಂತಿದ್ದ. ಡಾಕ್ಟರು, ಬೇಕೆಂದರೆ ಇನ್ನೊಂದು ಆಪರೇಷನ್ ಮಾಡಬಹುದು, ಆದರೆ ಅದಾದ ಮೇಲೆ ಇವರು ಆಸ್ಪತ್ರೆಯಿಂದ ಮನೆಗೆ ಬರುತ್ತಾರೆ ಎಂದು ಮಾತು ಕೊಡಲಾರೆ ಎಂದರು. ಮಗ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ, "ಬೇಡ" ಅಂದರು.

"ಅವರು ಬೇಡ ಅಂತಿದಾರೆ. ಕೇಳಿಸ್ತಲ್ಲ?" ಎಂದು ಡಾಕ್ಟರು ಮಗನನ್ನೇ ನೋಡುತ್ತ ಕೇಳಿದರು. ಅವನು ತಲೆಯಾಡಿಸಿದ.

ಮನೆಗೆ ಬಂದು ಮಾವನನ್ನು ಮಲಗಿಸಿದ್ದೇ ಸೊಸೆ ನೇರ ಅಡುಗೆಮನೆಗೆ ನುಗ್ಗಿದಳು.

"ನಿಮಗೆ ಗೊತ್ತಿತ್ತು ಅಲ್ವಾ ಅತ್ತೆ? ಅದಕ್ಕೇ ನಿನ್ನೆ ತಲೆ ಎತ್ತಲಿಲ್ಲ."

ಅತ್ತೆ ಒಲೆಯ ಮುಂದೆ ಕುಸಿದರು. "ಒಂದೇ ದಿನ ಅಂದ ಕಣೇ. ಒಂದು ದಿನ ತಡ್ಕೊಂಡ್ರೆ ವರ್ಷಗಟ್ಟಲೆ ಸಿಗ್ತಾರೆ ಅಂದ. ನಾನು ಅವರ ಹೆಂಡ್ತಿ ಕಣೇ. ನನಗೆ ಆಸೆ ಇರಬಾರ್ದಾ?"

ಸೊಸೆ ಅತ್ತೆಯ ಮೇಲಿನ ಸಿಟ್ಟನ್ನು ಹೊತ್ತುಕೊಂಡೇ ಹೊರಗೆ ನಡೆದಳು. ಅದನ್ನೂ ಸೇರಿಸಿ ಗಂಡನ ಮೇಲೆ ಹಾಕಿದಳು. ಅವನು ಹಿತ್ತಲಲ್ಲಿ ನಿಂತಿದ್ದ.

"ನಾನು ಅವರನ್ನ ಉಳಿಸೋಕೆ ನೋಡ್ದೆ," ಅಂದ ಅವನು, ಕೆಂಪು ಕಣ್ಣು ಬಿಟ್ಟುಕೊಂಡು. "ನೀವೆಲ್ಲ ಕಳಿಸೋಕೆ ತುದಿಗಾಲಲ್ಲಿ ನಿಂತಿದೀರಿ."

"ಯಾರೋ ತುದಿಗಾಲಲ್ಲಿ ನಿಂತಿರೋದು? ದಿನಾ ಅವರ ಬೈಗುಳ ಬರ್ಲಿ ಅಂತ ಕಾಯ್ಕೊಂಡು ಕೂತಿರೋಳು ನಾನು! ಅವರು ಹೋಗ್ತಾರೆ, ನಿಲ್ಲಿಸೋಕೆ ನಿನ್ನ ಕೈಲೂ ಆಗಲ್ಲ, ನನ್ನ ಕೈಲೂ ಆಗಲ್ಲ. ಇದ್ದ ನಾಲ್ಕು ದಿನದಲ್ಲಿ ಎರಡು ದಿನ ನೀನು ಕಿತ್ಕೊಂಡೆ. ತಗೋ." ಟವೆಲ್ಲನ್ನು ಅವನ ಮೈಮೇಲೆ ಎಸೆದಳು. "ಬಿಡಿಸಿ ನೋಡು. ಹಲ್ಲು ನಾಟಿ ತೂತು ಬಿದ್ದಿದೆ. ಒಗೆದು ಹಾಕು. ಅದನ್ನ ನಾನು ಒಗೆಯಲ್ಲ."

ಅವನು ಒಗೆದ. ಕಲ್ಲಿನ ಮುಂದೆ ಕೂತು ಬಹಳ ಹೊತ್ತು ಒಗೆದ. ಹಗ್ಗದ ಮೇಲೆ ಹರವಿದಾಗ ತೂತಿನೊಳಗಿಂದ ಬಿಸಿಲು ಕಾಣುತ್ತಿತ್ತು.

ಆಮೇಲೆ ಆ ಮನೆಯಲ್ಲಿ ಗಂಡ ಹೆಂಡತಿ ನಡುವೆ ಮಾತು ನಿಂತಿತು. ಏನೇ ಇದ್ದರೂ ಅತ್ತೆಯ ಮೂಲಕ. "ಅತ್ತೆ, ನಿಮ್ಮ ಮಗನಿಗೆ ಊಟಕ್ಕೆ ಹೇಳಿ." "ಅಮ್ಮ, ಸಕ್ಕರೆ ಮುಗಿದಿದ್ಯಾ ಅಂತ ಕೇಳು." ಪಾಪ, ಅತ್ತೆ ನಡುವೆ ನಿಂತು ಎರಡೂ ಕಡೆ ಗೋಣು ಆಡಿಸುತ್ತಿದ್ದರು. ನರ್ಸ್ ಬಂದು ನಡೆದದ್ದನ್ನು ಕೇಳಿ, ಯಾರನ್ನೂ ಬೈಯಲಿಲ್ಲ. ಮಾತ್ರೆಯ ಪ್ರಮಾಣ ಹೆಚ್ಚಿಸಿದಳು. ಮಗನನ್ನೇ ಎದುರು ಕೂರಿಸಿಕೊಂಡು, ಮಾತ್ರೆ ಕೊಡುವುದು, ಮಗ್ಗುಲು ಹೊರಳಿಸುವುದು, ಒದ್ದೆ ಹತ್ತಿಯಿಂದ ತುಟಿ ಒರೆಸುವುದು, ಒಂದೊಂದನ್ನೂ ಅವನ ಕೈಯಿಂದಲೇ ಮಾಡಿಸಿದಳು. ಕೊನೆಕೊನೆಗೆ ಉಸಿರು ಹೇಗಾಗುತ್ತದೆ ಎಂದೂ ಹೇಳಿದಳು. "ಆಗ ಗಾಬರಿಯಾಗಿ ಆಸ್ಪತ್ರೆಗೆ ಹೊತ್ಕೊಂಡು ಓಡಬೇಡಿ. ನನಗೆ ಫೋನ್ ಮಾಡಿ."

ಮಾತ್ರೆ ಕೊಡುವ ಕೆಲಸ ಮಗನದೇ ಆಯಿತು. ಆದರೂ ಸೊಸೆ ಬಿಡುತ್ತಿರಲಿಲ್ಲ. ಪ್ರತಿ ಸಲವೂ ಹೋಗಿ, "ಮಾವ, ಕೊಟ್ನಾ?" ಎಂದು ಕೇಳುವಳು.

"ಕೊಟ್ಟ ಕಣೇ ಪೊಲೀಸಮ್ಮ. ಬೇಕಾದ್ರೆ ನಾಲಿಗೆ ತೋರಿಸ್ಲಾ?"

ಬೈಗುಳವೂ ವಾಪಸ್ ಬಂತು. ಒಂದು ಮಧ್ಯಾಹ್ನ ಅವಳು ಹೊಲಿಯುತ್ತಿದ್ದಾಗ ಮೇಸ್ತ್ರಿ ಮಗನನ್ನು ಕರೆದು, "ಕೇಳು. ಎಲ್ಲಿಂದ ಬರ್ತಿದೆ ಹೇಳು" ಅಂದರು. ಮಗ ಕಣ್ಣು ಮುಚ್ಚಿ ಕೇಳಿಸಿಕೊಂಡು, "ಶಟಲ್" ಅಂದ.

"ಕತ್ತೆ. ಪೆಡಲ್ ಪಿನ್ನು ಸವೆದಿದೆ. ಅಂಗಡಿ ಮುಚ್ಚಿ ಇನ್ನೇನಾದ್ರೂ ಮಾರ್ಕೋ ಹೋಗು."

ಮಗ ನಕ್ಕ. ಎಷ್ಟೋ ವಾರಗಳ ಮೇಲೆ ನಕ್ಕ. ಪಿನ್ನು ಬದಲಿಸಲು ಎದ್ದವನನ್ನು ಮೇಸ್ತ್ರಿಯೇ ತಡೆದರು. "ಇರ್ಲಿ ಬಿಡೋ. ಆ ಸದ್ದು ನನಗೆ ರೂಢಿಯಾಗಿದೆ."

ನಾದಿನಿ ಬಂದಳು. ಚೀಲದ ತುಂಬ ಹಣ್ಣಿನ ರಸದ ಡಬ್ಬಿಗಳು, ಬಾಗಿಲಲ್ಲೇ ಗೋಳಾಟ. "ಅಪ್ಪನ್ನ ಸಾಯಿಸ್ತಿದೀರಲ್ಲೋ! ಮದ್ದು ಕೊಟ್ಟು ಮಲಗಿಸ್ತಿದೀರಲ್ಲೋ!" ಸೊಸೆ ಸೊಂಟಕ್ಕೆ ಕೈಯಿಟ್ಟು ಕಾಲು ಕೆದರಿ ನಿಂತಿದ್ದಳು. ಇನ್ನೇನು ಹೊತ್ತಿಕೊಳ್ಳಬೇಕು, ಅಷ್ಟರಲ್ಲಿ ಒಳಗಿನಿಂದ ಮೇಸ್ತ್ರಿ, "ಮಗಳೇ, ಫೋನಲ್ಲೇ ನಿನ್ನ ದನಿ ಚೆನ್ನಾಗಿರುತ್ತೆ. ಬಾ, ಕಾಲು ಒತ್ತು" ಅಂದರು. ನಾದಿನಿ ಹೊದಿಕೆ ಸರಿಸಿ ಕಾಲು ನೋಡಿದಳು. ಮೂಳೆ ಮೇಲೆ ಚರ್ಮ ಹೊದಿಸಿದ ಹಾಗಿದ್ದವು. ಇದ್ದಷ್ಟು ದಿನ ಕಾಲು ಒತ್ತಿ, ಅಡುಗೆಮನೆಯಲ್ಲಿ ಪಾತ್ರೆ ತೊಳೆದು, ದೊಡ್ಡ ಡಾಕ್ಟರ ಹೆಸರೆತ್ತದೆ ಹಿಂದಿರುಗಿದಳು.

ಮೇಸ್ತ್ರಿ ಊಟ ಬಿಟ್ಟರು, ಆಮೇಲೆ ಗಂಜಿ ಬಿಟ್ಟರು. "ಒಂದು ತುತ್ತು, ನನಗೋಸ್ಕರ" ಎಂದು ಅತ್ತೆ ಚಮಚ ಹಿಡಿದು ಗೋಗರೆದರೆ, "ಜೀವನವಿಡೀ ನಿನಗೋಸ್ಕರಾನೇ ತಿಂದೆ. ಇವತ್ತು ಬಿಡೇ ಮಾರಾಯ್ತಿ" ಅಂದರು. ಅತ್ತೆ ಚಮಚ ಕೆಳಗಿಟ್ಟು ಅವರ ಕೈ ಹಿಡಿದು ಕೂತರು.

ಕೊನೆಯ ದಿನ ಮಧ್ಯಾಹ್ನ ಸೊಸೆ ಗುಂಡಿ ಪಟ್ಟಿ ಹೊಲಿಯುತ್ತಿದ್ದಳು. ಉಸಿರಿನ ಸದ್ದು ಬದಲಾಯಿತು. ಒಂದು ಉಸಿರು, ಆಮೇಲೆ ಬಹಳ ಹೊತ್ತು ಏನೂ ಇಲ್ಲ, ಮತ್ತೆ ಒಂದು ಉಸಿರು. ಗಂಡ ಹಿತ್ತಲಿಂದ ಓಡಿ ಬಂದ, ನೋಡಿದ, ಫೋನ್ ತೆಗೆದ.

"ಯಾರಿಗೆ?" ಅಂದಳು ಅವಳು. ಅಷ್ಟು ವಾರಗಳಲ್ಲಿ ಅವನೊಡನೆ ಆಡಿದ ಮೊದಲ ಮಾತು ಅದು.

"ಆಂಬುಲೆನ್ಸ್. ಉಸಿರು ಸಿಗ್ತಿಲ್ಲ, ಕಾಣಿಸ್ತಿಲ್ವಾ ನಿನಗೆ? ಆಕ್ಸಿಜನ್ ಹಾಕಿದ್ರೆ..."

ಅವಳು ಬಾಗಿಲಿಗೆ ಅಡ್ಡ ನಿಂತಳು. "ಫೋನ್ ಇಡು."

"ದಾರಿ ಬಿಡೇ! ನನ್ನಪ್ಪ ಕಣೇ ಅವರು!"

"ನಿನ್ನಪ್ಪ ಏನು ಹೇಳಿದ್ರು? ಹೇಳು."

"ಇದೇನು ಪರೀಕ್ಷೆ ಮಾಡೋ ಹೊತ್ತಾ?"

"ಹೌದು, ಇದೇ ಹೊತ್ತು. ಬಾಯಿ ಬಿಟ್ಟು ಹೇಳು. ಏನು ಹೇಳಿದ್ರು?"

ಅವನು ಫೋನ್ ಕಿವಿಯಿಂದ ಇಳಿಸಿದ. "ಕೊಯ್ಯಬಾರ್ದು ಅಂದ್ರು. ನಳಿಗೆ ಹಾಕಬಾರ್ದು ಅಂದ್ರು."

"ಆಮೇಲೆ?"

"ಈ ಮಂಚ. ಈ ಕಿಟಕಿ." ಅವನು ಮೂಲೆಯ ಕಡೆ ನೋಡಿದ. "ನಿನ್ನ ಮಿಷಿನ್ ಸದ್ದು."

ಅವನು ನರ್ಸ್‌ಗೆ ಫೋನ್ ಮಾಡಿದ. ಆಮೇಲೆ ಮಂಚದ ಪಕ್ಕ ಮಂಡಿಯೂರಿ, ಹತ್ತಿ ಒದ್ದೆ ಮಾಡಿ ಅಪ್ಪನ ತುಟಿ ಒರೆಸತೊಡಗಿದ. ಅತ್ತೆ ಇನ್ನೊಂದು ಪಕ್ಕ ಕೂತು ಗಂಡನ ಅಂಗೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡರು. ಸೊಸೆ ಮಿಷಿನ್ ಮುಂದೆ ಕೂತಳು. ಹೊಲಿಯಲು ಕಣ್ಣು ಕಾಣುತ್ತಿರಲಿಲ್ಲ. ಬಟ್ಟೆ ತೆಗೆದು ಬಿಸಾಡಿ, ಬರೀ ಪೆಡಲ್ ತುಳಿದಳು. ಸವೆದ ಪಿನ್ನು ಕಟಕಟ ಎನ್ನುತ್ತಿತ್ತು. ಸಿಟ್ಟೆಲ್ಲ ಕಾಲಿಗೆ ಇಳಿದ ಹಾಗೆ ತುಳಿದಳು. ಅತ್ತೆ ಬಂದು ಭುಜ ಮುಟ್ಟಿ, "ಸಾಕಮ್ಮ. ಆಯ್ತು" ಅನ್ನುವವರೆಗೂ ನಿಲ್ಲಿಸಲಿಲ್ಲ.

ಬಂದವರೆಲ್ಲ ಬಂದು ಹೋದರು. ಅಂಗಡಿ ಮತ್ತೆ ತೆರೆಯಿತು. ಮಧ್ಯಾಹ್ನ ಗಂಡನಿಗೆ ಊಟದ ಡಬ್ಬಿ ಒಯ್ದಾಗಲೆಲ್ಲ ಸೊಸೆಗೆ ಅದೇ ಮಾತು ಕೇಳಬೇಕಾಗಿ ಬರುತ್ತಿತ್ತು. ಹಳೆಯ ಗಿರಾಕಿಗಳು ಮಿಷಿನ್ ಇಳಿಸುತ್ತ, "ಇಂಥ ಮಗ ಎಲ್ಲಿ ಸಿಗ್ತಾನಮ್ಮ? ಅಷ್ಟು ದೊಡ್ಡ ಡಾಕ್ಟರ ತನಕ ಹೊತ್ಕೊಂಡು ಹೋದ್ನಂತಲ್ಲ!" ಅನ್ನುವರು. ಗಂಡ ತಿರುಪು ಬಿಚ್ಚುತ್ತಲೇ ಇರುವನು. ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ. ಬಾಗಿಲ ಮೇಲಿನ ತಗಡು ಹಾಗೇ ಇತ್ತು. ಮಿಷಿನ್‌ಗಳ ಮಟ್ಟಿಗೆ ಅದು ಸರಿಯಾದ ಮಾತೇ, ತೆಗೆಯುವುದೇಕೆ?

ಒಂದು ದಿನ ಆ ಮಾತನ್ನು ಮತ್ತೆ ಕೇಳಿಕೊಂಡು ಬಂದಿದ್ದಳು. ರಾತ್ರಿ ಊಟದ ಹೊತ್ತು. ಮೇಸ್ತ್ರಿಯ ಜಾಗ ಖಾಲಿ ಇತ್ತು. ಅವಳು ಗಂಡನ ತಟ್ಟೆಗೆ ಬೇಳೆ ಹಾಕಿದವಳು ಸೌಟು ಕೆಳಗಿಡಲಿಲ್ಲ.

"ಒಂದು ಮಾತು ಹೇಳ್ತೀನಿ, ಕೇಳು. ನನಗೇನಾದ್ರೂ ಹಾಗಾದ್ರೆ, ಮೊದಲು ಎಣ್ಣೆ ಹಾಕು. ನಿನ್ನ ದೊಡ್ಡ ಡಾಕ್ಟರು, ರಿಪೇರಿ, ಎಲ್ಲ ಆಮೇಲೆ. ನಾನು ಸಾಕು ಅಂದ ದಿನ ಸಾಕು."

"ಊಟದ ಹೊತ್ತಲ್ಲಿ ಯಾಕೆ ಅದೆಲ್ಲ? ಬಿಡ್ತು ಅನ್ನು."

"ಅನ್ನಲ್ಲ. ಆರೋಗ್ಯವಾಗಿದ್ದಾಗಲೇ ಹೇಳ್ತಿದೀನಿ, ಆಮೇಲೆ ಸುಸ್ತಲ್ಲಿ ಮಾತಾಡ್ದೆ ಅನ್ನಬೇಡ."

ಅವನು ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ. "ಆಯ್ತು."

"ಆಯ್ತು ಅಂದ್ರೆ ಆಗಲ್ಲ. ನಾನು ಹೇಳಿದ್ದನ್ನ ನಿನ್ನ ಬಾಯಲ್ಲಿ ಹೇಳು."

ಅವನು ಖಾಲಿ ಜಾಗದ ಕಡೆ ನೋಡಿದ. ಆಮೇಲೆ ಅವಳ ಕಡೆ. "ಮೊದಲು ಎಣ್ಣೆ. ಮಿಕ್ಕಿದ್ದು ಆಮೇಲೆ. ನೀನು ಸಾಕು ಅಂದ ದಿನ ಸಾಕು."

ಅವಳು ಸೌಟು ಕೆಳಗಿಟ್ಟಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ನನಗೂ ಅಷ್ಟೇ ಕಣೋ!" ಎಂದು ಅತ್ತೆ ಒಳಗಿನಿಂದ ಕೂಗಿದರು. "ಕೇಳಿಸ್ತಾ? ಇನ್ನೊಂದ್ಸಲ ಹೇಳು, ನನಗೂ ಕೇಳಿಸ್ಲಿ."